ಮಗನ ಮುಂಜಿ, ಅಣ್ಣನ ರಕ್ತ

ಮೂರನೇ ಸಲ ಬಟ್ಟೆ ಬದಲಿಸಿದಾಗಲೂ ರಕ್ತ ಹಸಿಯಾಗಿಯೇ ಇತ್ತು.

ಒಂದೆರಡು ಹನಿ ಕಾಣಿಸಬಹುದು, ಗಾಬರಿ ಬೇಡ ಎಂದು ಕ್ಲಿನಿಕ್ಕಿನ ಡಾಕ್ಟರ್ ಹೇಳಿ ಕಳುಹಿಸಿದ್ದರು. ಅದನ್ನೇ ನಂಬಿಕೊಂಡಿದ್ದೆ. ಅಂದು ಬೆಳಿಗ್ಗೆ ನನ್ನ ಮಗ ಅಯಾನ್‌ಗೆ ಮುಂಜಿ ಆಗಿತ್ತು. ನಮ್ಮ ಮನೆಯ ದಖ್ಖನಿ ಉರ್ದುವಿನಲ್ಲಿ ಖತ್ನಾ, ಅಂದರೆ ಸುನ್ನತಿ. ಅವನು ಹುಟ್ಟಿ ಎರಡು ವಾರವೂ ತುಂಬಿರಲಿಲ್ಲ. ನಾನು ಶಿವಾಜಿನಗರದ ತವರಿನಲ್ಲಿ ಬಾಣಂತನಕ್ಕಿದ್ದೆ. ನನ್ನ ಗಂಡ ರಿಯಾಜ್ ಕಗ್ಗದಾಸಪುರದಲ್ಲಿ ಕಾರುಗಳ ಎಸಿ ರಿಪೇರಿ ಅಂಗಡಿ ಇಟ್ಟುಕೊಂಡಿದ್ದಾರೆ; ಆ ದಿನ ಬಾಗಿಲು ಮುಚ್ಚಿ ಬಂದಿದ್ದರು. ಹೊರಗಿನ ಕೋಣೆಯಲ್ಲಿ ನೆಂಟರು ಶಾವಿಗೆ ಪಾಯಸ ತಿನ್ನುತ್ತಿದ್ದರು.

ಮಗು ಮೊದಲು ಜೋರಾಗಿ ಅಳುತ್ತಿತ್ತು. ಆಮೇಲೆ ಅಳು ಸಣ್ಣದಾಯಿತು. ಮೊಲೆ ಬಾಯಿಗಿಟ್ಟರೆ ಎರಡು ಗುಟುಕು ಎಳೆದು ಬಿಟ್ಟುಬಿಡುತ್ತಿತ್ತು. ನಿದ್ದೆ ಬಂದಿರಬೇಕು ಎಂದರು ಯಾರೋ. ನಾನು ಅವನ ತುಟಿ ನೋಡಿದೆ. ಬೆಳಿಗ್ಗೆ ಇದ್ದ ಬಣ್ಣ ಅಲ್ಲಿರಲಿಲ್ಲ.

ರಿಯಾಜ್ ಕ್ಲಿನಿಕ್ಕಿಗೆ ಫೋನ್ ಮಾಡಿದರು. ತಕ್ಷಣ ಕರೆತನ್ನಿ ಎಂದರು ಡಾಕ್ಟರ್. ಅಲ್ಲಿ ಅವರು ಗಾಯವನ್ನು ಬಹಳ ಹೊತ್ತು ಒತ್ತಿ ಹಿಡಿದರು. ನಿಲ್ಲಲಿಲ್ಲ. ಒಂದು ಹೊಲಿಗೆ ಹಾಕಿದರು. ಸೂಜಿ ಚುಚ್ಚಿದ ತೂತಿನಿಂದಲೂ ರಕ್ತ ಒಸರತೊಡಗಿತು.

ಅವರ ಮುಖ ಬದಲಾಯಿತು.

ಆ ಡಾಕ್ಟರನ್ನು ನಾನು ಇಂದಿಗೂ ದೂರುವುದಿಲ್ಲ. ಮುಂಜಿಗೆ ಮೊದಲು ಮಗುವಿನ ತೂಕ ನೋಡಿದ್ದರು, ಕಾಮಾಲೆ ಇದೆಯೇ ಎಂದು ಕಣ್ಣು ನೋಡಿದ್ದರು. ಮೂತ್ರ ಬರುವ ತೂತು ತುದಿಯಲ್ಲೇ ಇದೆಯೇ ಎಂದು ಪರೀಕ್ಷಿಸಿದ್ದರು. ಅದು ಕೆಳಗಿದ್ದರೆ ಆಗ ಮುಂಜಿ ಮಾಡಬಾರದಂತೆ, ಮುಂದೆ ಸರಿಪಡಿಸುವ ಆಪರೇಷನ್‌ಗೆ ಅದೇ ಚರ್ಮ ಬೇಕಾಗುತ್ತದಂತೆ. ಮನೆಯಲ್ಲಿ ಯಾರಿಗಾದರೂ ರಕ್ತ ನಿಲ್ಲದ ತೊಂದರೆ ಇದೆಯೇ ಎಂದೂ ಕೇಳಿದ್ದರು. ಇಲ್ಲ ಎಂದೆವು. ನಮಗೆ ಗೊತ್ತಿದ್ದದ್ದು ಅಷ್ಟೇ. ನನ್ನ ಅಮ್ಮಿ ಆಗ ಅಲ್ಲಿರಲಿಲ್ಲ. ಕ್ಲಿನಿಕ್ಕಿನ ಮೆಟ್ಟಿಲವರೆಗೆ ಬಂದವರು, ಒಳಗೆ ಬರಲಾರೆ ಎಂದು ಮನೆಗೆ ಹೊರಟುಹೋಗಿದ್ದರು. ಮೊಮ್ಮಗನ ಅಳು ಕೇಳಲಾರದೆ ಹೋದರು ಅಂದುಕೊಂಡೆವು.

ಮಕ್ಕಳ ಆಸ್ಪತ್ರೆಗೆ ಆಟೋದಲ್ಲಿ ಹೋದೆವು. ಆ ಡಾಕ್ಟರೂ ಜೊತೆಗೆ ಬಂದರು, ದಾರಿಯುದ್ದಕ್ಕೂ ಗಾಯ ಒತ್ತಿ ಹಿಡಿದಿದ್ದರು. ಬಸ್ ನಿಲ್ದಾಣದ ಹತ್ತಿರ ಆಟೋ ಸಿಕ್ಕಿಹಾಕಿಕೊಂಡಿತು. ಅಕ್ಕಪಕ್ಕ ಜನ ಹೂವು ಕೊಳ್ಳುತ್ತಿದ್ದರು, ಚಹಾ ಕುಡಿಯುತ್ತಿದ್ದರು. ಅವರೆಲ್ಲ ಇಷ್ಟು ನಿಧಾನವಾಗಿ ಏಕೆ ಇದ್ದಾರೆ ಎಂದು ನನಗೆ ಅರ್ಥವಾಗಲಿಲ್ಲ.

ಹಸುಗೂಸುಗಳ ತೀವ್ರ ನಿಗಾ ಘಟಕ ಎನ್‌ಐಸಿಯುನಲ್ಲಿ ಅವನನ್ನು ನನ್ನ ಕೈಯಿಂದ ತೆಗೆದುಕೊಂಡರು. ಟೆಸ್ಟ್‌ಗೆ ರಕ್ತ ತೆಗೆದ ಜಾಗ ನೀಲಿಗಟ್ಟಿ ಊದಿಕೊಂಡಿತು. ಅಷ್ಟರಲ್ಲಿ ಅಮ್ಮಿ ಇನ್ನೊಂದು ಆಟೋ ಹಿಡಿದು ಬಂದಿದ್ದರು. ಗೋಡೆಗೆ ಒರಗಿ ನಿಂತಿದ್ದರು. ಆಸ್ಪತ್ರೆಯ ಡಾಕ್ಟರ್, ನನಗಿಂತ ಸ್ವಲ್ಪ ದೊಡ್ಡವರಿರಬೇಕು, ರಿಪೋರ್ಟ್ ಹಿಡಿದು ಹೊರಗೆ ಬಂದು ನನ್ನ ಪಕ್ಕದಲ್ಲಿ ಕುಳಿತರು.

"ಶಬಾನಾ, ನಿಮ್ಮ ತಾಯಿ ಕಡೆ ಗಂಡು ಮಕ್ಕಳಲ್ಲಿ ಯಾರಿಗಾದ್ರೂ ಹೀಗೆ ಬ್ಲೀಡಿಂಗ್ ನಿಲ್ದೇ ಇದ್ದಿದ್ದು ಉಂಟಾ? ಅಣ್ಣ, ತಮ್ಮ, ಸೋದರಮಾವ?"

ನನಗೆ ಅಣ್ಣ ತಮ್ಮ ಯಾರೂ ಇಲ್ಲ ಎಂದೆ.

"ಒಬ್ಬ ಇದ್ದ," ಎಂದರು ಅಮ್ಮಿ.

ನಾನು ಹುಟ್ಟುವ ಮೊದಲು ಮನೆಯಲ್ಲಿ ಒಂದು ಗಂಡುಮಗು ಹೋಯಿತೆಂದು ಚಿಕ್ಕಂದಿನಲ್ಲಿ ಕೇಳಿದ್ದೆ. ಜ್ವರ ಬಂದು ಎಂದಿದ್ದರು. ಅದಕ್ಕಿಂತ ಹೆಚ್ಚು ಯಾರೂ ಹೇಳಿರಲಿಲ್ಲ. ಅಮ್ಮಿ ಈಗ, ಆ ಕಾರಿಡಾರಿನಲ್ಲಿ, ಗುರುತಿಲ್ಲದ ಡಾಕ್ಟರ ಮುಂದೆ ಅದನ್ನೆಲ್ಲ ಹೇಳಿದರು. ಅವನ ಹೆಸರು ಅನ್ವರ್. ಅಂಬೆಗಾಲಿಡುವಾಗ ಮಂಡಿ ಊದಿಕೊಳ್ಳುತ್ತಿತ್ತು, ಎತ್ತಿಕೊಂಡರೆ ಪಕ್ಕೆಯ ಮೇಲೆ ಬೆರಳಿನ ಗುರುತು ನೀಲಿಯಾಗಿ ಉಳಿಯುತ್ತಿತ್ತು. ದೃಷ್ಟಿ ತಾಗಿದೆ ಎಂದು ತಾಯತ ಕಟ್ಟಿದ್ದರು. ಓಡಾಡುವ ವಯಸ್ಸಿಗೆ ಮನೆಯಲ್ಲೇ ಮುಂಜಿ ಮಾಡಿಸಿದರು. ಗಲ್ಲಿಯ ಹಜಾಮರು ಬಂದು ಮಾಡಿದ್ದರು. ರಕ್ತ ನಿಲ್ಲಲಿಲ್ಲ. ಬೂದಿ ಒತ್ತಿದರು, ಪುಡಿ ಉದುರಿಸಿದರು, ನಾಳೆಗೆ ಸರಿಹೋಗುತ್ತದೆ ಎಂದರು. ಆಸ್ಪತ್ರೆಗೆ ಒಯ್ಯುವಷ್ಟರಲ್ಲಿ ಮಗು ತಣ್ಣಗಾಗಿತ್ತು.

"ಹಜಾಮರ ಕೈ ಸರಿ ಇರ್ಲಿಲ್ಲ ಅಂತ ಎಲ್ಲಾರೂ ಅಂದ್ರು. ನಾನೂ ನಂಬಿದೆ. ಪಾಪ, ಗಲ್ಲಿನೇ ಬಿಟ್ಟು ಹೋದ್ರು ಅವರು. ಅದಕ್ಕೇ ಈ ಸಲ ಡಾಕ್ಟರ್ ಕೈಯಲ್ಲೇ ಆಗ್ಲಿ ಅಂತ ನಾನೇ ಹಟ ಮಾಡಿದೆ."

ಡಾಕ್ಟರ್ ಅಮ್ಮಿಯ ಕೈ ಹಿಡಿದುಕೊಂಡರು. "ಕೈಯಿಂದ ಆಗಿದ್ದಲ್ಲ ಅಮ್ಮಾ. ಮಗುವಿನ ರಕ್ತದಲ್ಲೇ ಇತ್ತು."

ಹಿಮೋಫಿಲಿಯಾ. ರಕ್ತ ಹೆಪ್ಪುಗಟ್ಟಲು ಬೇಕಾದ ಒಂದು ಅಂಶ, ಫ್ಯಾಕ್ಟರ್ ಎಂಟು, ಅಯಾನ್‌ನ ರಕ್ತದಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಅದನ್ನು ರಕ್ತನಾಳದೊಳಗೆ ಕೊಟ್ಟರು. ಸಂಜೆಯ ಹೊತ್ತಿಗೆ ರಕ್ತ ನಿಂತಿತು. ರಿಯಾಜ್ ಆಸ್ಪತ್ರೆಯ ನೆಲಕ್ಕೇ ಹಣೆಯಿಟ್ಟು ಸಜ್ದಾ ಮಾಡಿದರು. ನಾನು ಕಿಟಕಿಯ ಗಾಜಿನಿಂದ ಮಗುವನ್ನು ನೋಡುತ್ತ ನಿಂತೆ. ಅಲ್ಲಿ ಮಲಗಿದ್ದವನು ನನ್ನ ಮಗನೋ, ನಾನು ಕಾಣದ ಅಣ್ಣನೋ ಎಂದು ಒಂದು ಕ್ಷಣ ತಿಳಿಯಲಿಲ್ಲ.

ಮನೆಗೆ ಬಂದ ಮೇಲೆಯೂ ಅದು ಬಿಡಲಿಲ್ಲ. ಬೀಟ್ರೂಟ್ ಹೆಚ್ಚಲಾಗುತ್ತಿರಲಿಲ್ಲ. ಹಾಲು ಕುಡಿಸುವಾಗ ಎದುರಿನ ಹೊಸ್ತಿಲ ಮೇಲೆ ಯಾರೋ ಪುಟ್ಟವನು ಊದಿದ ಮಂಡಿ ಹಿಡಿದು ಕುಳಿತಂತೆ ಅನ್ನಿಸುತ್ತಿತ್ತು. ಅವನಿಗೆ ಮುಖವಿರಲಿಲ್ಲ, ನಮ್ಮಲ್ಲಿ ಅವನದೊಂದು ಫೋಟೋ ಕೂಡ ಇಲ್ಲ. ಅಮ್ಮಿ ಒಮ್ಮೆ ಅಯಾನ್‌ನನ್ನು ಅನ್ವರ್ ಎಂದು ಕರೆದುಬಿಟ್ಟರು. ಆಮೇಲೆ ಅವರು ಅವನ ಬಗ್ಗೆ ಹೇಳತೊಡಗಿದರು. ಬಾಳೆಹಣ್ಣು ಇಷ್ಟವಂತೆ. ಮಸೀದಿಯ ಮೈಕು ಕೇಳಿದರೆ ಕುಣಿಯುತ್ತಿದ್ದನಂತೆ. ಎಷ್ಟೋ ವರ್ಷ ಬಾಯಿಗೆ ಬಾರದ ಮಾತುಗಳು ಬೇಳೆ ಬೇಯುವ ನಡುವೆ ಒಂದೊಂದಾಗಿ ಬಂದವು.

ಇದು ತಾಯಿಯ ಕಡೆಯಿಂದ ಬರುತ್ತದೆ. ಅಜ್ಜಿಗೆ, ತಾಯಿಗೆ ಹೆಚ್ಚಾಗಿ ಏನೂ ಆಗುವುದಿಲ್ಲ, ಗಂಡುಮಕ್ಕಳಲ್ಲಿ ಕಾಣಿಸಿಕೊಳ್ಳುತ್ತದೆ. ನನ್ನಿಂದಲೇ ಬಂತಲ್ಲ ಎಂದು ಅತ್ತಾಗ, "ಕಣ್ಣಿನ ಬಣ್ಣ ಕೊಟ್ಟಿದ್ದಕ್ಕೆ ಯಾರಾದ್ರೂ ಅಳ್ತಾರಾ?" ಎಂದರು ಡಾಕ್ಟರ್. ಆ ಮಾತು ಕೆಲವು ದಿನ ಕೆಲಸ ಮಾಡುತ್ತದೆ, ಕೆಲವು ದಿನ ಮಾಡುವುದಿಲ್ಲ. ಮನೆಯಲ್ಲಿ ಯಾರಿಗೂ ಇಲ್ಲದಿದ್ದರೂ ಹೊಸದಾಗಿ ಬರುವುದುಂಟಂತೆ. ಆದರೆ ನಮ್ಮಲ್ಲಿ ಇತ್ತು. ಸತ್ತ ಮಗುವಿನ ಹೆಸರು ಹೇಳಿದರೆ ಬದುಕಿರುವವರಿಗೆ ಕೇಡು ಎಂದು ಹಿರಿಯರು ಮುಚ್ಚಿಟ್ಟಿದ್ದರು. ಯಾರಾದರೂ ಮಗುವಿಗೆ ಮುಂಜಿ ಮಾಡಿಸುವುದಿದ್ದರೆ ನಾನು ಕೇಳಿಕೊಳ್ಳುವುದು ಇಷ್ಟೇ: ಮೊದಲು ಅಜ್ಜಿಯರ ಹತ್ತಿರ ಕುಳಿತುಕೊಳ್ಳಿ, ಹೋದ ಮಕ್ಕಳು ಹೇಗೆ ಹೋದರೆಂದು ಕೇಳಿ. ಹೊಕ್ಕುಳ ಬಳ್ಳಿ ಉದುರಿದಾಗ, ಚುಚ್ಚುಮದ್ದು ಹಾಕಿಸಿದಾಗ ರಕ್ತ ಹೆಚ್ಚಾಗಿ ಹೋಗಿದ್ದರೆ ಡಾಕ್ಟರಿಗೆ ತಿಳಿಸಿ. ಆದ ಮೇಲೆ ಒತ್ತಿ ಹಿಡಿದರೂ ರಕ್ತ ನಿಲ್ಲದಿದ್ದರೆ, ಮಗು ಹಾಲು ಬಿಟ್ಟರೆ, ನಾಳೆ ನೋಡೋಣ ಎನ್ನಬೇಡಿ.

ಅಮ್ಮಿಯ ತಂಗಿಯ ಮಗಳು ಕೆ.ಆರ್. ಪುರದಲ್ಲಿದ್ದಾಳೆ. ಅವಳಿಗೆ ಗಂಡುಮಗು ಹುಟ್ಟಿದಾಗ ಹೊಕ್ಕುಳ ಬಳ್ಳಿಯ ರಕ್ತವನ್ನೇ ಪರೀಕ್ಷೆಗೆ ಕಳುಹಿಸಿದರು. ಎಲ್ಲ ಸರಿಯಿತ್ತು. ಆ ಮಗುವನ್ನು ನೋಡಿ ಮೆಟ್ರೋದಲ್ಲಿ ಶಿವಾಜಿನಗರಕ್ಕೆ ಹಿಂತಿರುಗುತ್ತಿದ್ದೆವು, ಅಮ್ಮಿ, ನಾನು, ಅಯಾನ್. ಅವನಿಗೆ ಈಗ ನಡಿಗೆ ಬಂದಿದೆ. ಫ್ಯಾಕ್ಟರ್ ಇಂಜೆಕ್ಷನ್ ವಾರ ವಾರವೂ ನಡೆಯುತ್ತಿದೆ. ಬೈಯಪ್ಪನಹಳ್ಳಿ ದಾಟಿದ ಮೇಲೆ ರೈಲು ವಾಲಿತು, ಅವನ ಮೊಣಕೈ ಸ್ಟೀಲ್ ಕಂಬಕ್ಕೆ ಬಡಿಯಿತು. ಅಳಲಿಲ್ಲ. ಪಕ್ಕದಲ್ಲಿದ್ದ ಹುಡುಗಿ ಕೊಟ್ಟ ತಣ್ಣೀರಿನ ಬಾಟಲಿಯನ್ನು ಅಮ್ಮಿ ಆ ಜಾಗಕ್ಕೆ ಒತ್ತಿ ಹಿಡಿದರು. ಇಬ್ಬರೂ ಬಗ್ಗಿ ಆ ಪುಟ್ಟ ಮೊಣಕೈಯನ್ನೇ ನೋಡುತ್ತ ಕುಳಿತೆವು. ಊದಲಿಲ್ಲ. ನೀಲಿಯೂ ಬರಲಿಲ್ಲ. ತಲೆಯೆತ್ತಿದಾಗ ಇಳಿಯಬೇಕಾದ ಸ್ಟೇಷನ್ ಹಿಂದೆ ಹೋಗಿತ್ತು.

ಮುಂದಿನದರಲ್ಲಿ ಇಳಿದೆವು. ನಡೆಯುತ್ತೇನೆ ಎಂದು ಅಯಾನ್ ಹಟ ಹಿಡಿದ. ಅಮ್ಮಿ ನನ್ನ ಮುಖ ನೋಡಿದರು. ನಾನು ಅವನನ್ನು ಕೆಳಗಿಳಿಸಿದೆ.