ಮಾರಿದ ಮೇಲೂ ಜೊತೆಗೆ ಬಂದವನು

ಡ್ರೈವರಣ್ಣನ ಬಲಗೈಯ ಎರಡು ಬೆರಳ ತುದಿ ಕಪ್ಪೆಚಿಪ್ಪಿನಷ್ಟು ಗಟ್ಟಿ. ಬೋಟಿನ ಹಗ್ಗ ಎಳೆದು ಹಾಗಾಯಿತೆಂದು ಹೊಸಬರು ತಿಳಿಯುತ್ತಿದ್ದರು. ಅದು ಬೇಸ್ ಗಿಟಾರಿನ ದಪ್ಪ ತಂತಿ ಮಾಡಿದ ಕೆಲಸ. ಹೊನ್ನಾವರದಲ್ಲಿ ಮೀನಿನ ಬೋಟು ಓಡಿಸುತ್ತಿದ್ದ ಅವನು ಮದುವೆ ಕಾಲದಲ್ಲಿ ಆರ್ಕೆಸ್ಟ್ರಾದಲ್ಲೂ ಬಾರಿಸುತ್ತಿದ್ದ.

ಏಳನೇ ಇಯತ್ತೆಗೆ ಶಾಲೆ ಬಿಟ್ಟು ನಾನು ಅವನ ಬೋಟಿಗೆ ಸೇರಿದ್ದೆ. ಬಿಡುವಾದಾಗ ಅವನ ಜಗಲಿಯಲ್ಲಿ ಕುಳಿತು ಆ ಗಿಟಾರ್ ಕಲಿತೆ. ಕಲಿಸುವಾಗ ಹೊಗಳುತ್ತಿರಲಿಲ್ಲ. ನಾನು ಹೆಚ್ಚು ಹಾರಾಡಿದರೆ, "ಹಾಡುವವ ದೋಣಿ, ನೀನು ಅಡಿಯ ನೀರು. ನೀರೇ ಕುಣಿದ್ರೆ ದೋಣಿ ಎಂತ ಆಗ್ಬೇಕು?" ಎನ್ನುತ್ತಿದ್ದ.

ಇಂಜಿನ್ನಿನ ಸದ್ದಿಗೆ ಅವನ ಕಿವಿ ಮಂದವಾಗುತ್ತ ಬಂತು. ಎಂಬತ್ತರ ದಶಕದ ನಡುವೆ ಒಂದು ಸಲ ಶ್ರುತಿ ತಪ್ಪಿದ್ದು ತನಗೇ ತಿಳಿಯದೆ ಪೂರ್ತಿ ಹಾಡು ಬಾರಿಸಿಬಿಟ್ಟ. ಮರುದಿನವೇ ಗಿಟಾರ್ ಮಾರುತ್ತೇನೆಂದ. ನಾನೇ ಕೊಳ್ಳುತ್ತೇನೆಂದೆ. ಸುಮ್ಮನೆ ತಕೊಂಡು ಹೋಗು ಅಂದ. ಪುಕ್ಕಟೆ ಬೇಡ, ನನಗೆ ದುಡಿಯುವ ಕೈಯಿದೆ ಅಂದೆ. ನಕ್ಕು ಒಂದು ಬೆಲೆ ಹೇಳಿದ.

ಹಣ ಮುಟ್ಟುವ ಮೊದಲು, ಹಳೆ ದೋಣಿ ಮಾರುವವರಂತೆ ಅದರ ಕುಂದುಗಳನ್ನೆಲ್ಲ ತೋರಿಸಿದ. ಮೊಣಕೈ ತಾಗಿ ತಾಗಿ ಬಣ್ಣ ಹೋಗಿ ಮರ ಕಾಣುತ್ತಿತ್ತು. ಕುತ್ತಿಗೆ ತುಸು ಬಾಗಿತ್ತು. ಸ್ಪೀಕರಿಗೆ ಹೋಗುವ ವಾಯರ್ ಸಿಕ್ಕಿಸುವ ತೂತು ಎಷ್ಟು ರಿಪೇರಿ ಮಾಡಿಸಿದರೂ ಸಡಿಲ. ಯಾವಾಗ ಸದ್ದು ನಿಲ್ಲುತ್ತದೋ ಹೇಳುವಂತಿರಲಿಲ್ಲ.

ನಮ್ಮ ಕೇರಿಯಲ್ಲಿ ದೋಣಿ ಮಾರಿದವನು ಕೊಂಡವನ ಜೊತೆ ಮೊದಲ ಸಲ ಕಡಲಿಗೆ ಹೋಗುವುದು ವಾಡಿಕೆ. ಅದು ಯಾವ ಮಗ್ಗುಲಿಗೆ ವಾಲುತ್ತದೆಂದು ಅವನಿಗೆ ತಾನೆ ಗೊತ್ತು? ಮಾವಳ್ಳಿಯ ಮದುವೆಯೊಂದರಲ್ಲಿ ಆರ್ಕೆಸ್ಟ್ರಾದಲ್ಲಿ ಡ್ರೈವರಣ್ಣನ ಜಾಗಕ್ಕೆ ನನ್ನ ಮೊದಲ ಕಾರ್ಯಕ್ರಮ ಎಂದಾಗ ಅವನೂ ಅಂಗಿಗೆ ಇಸ್ತ್ರಿ ಮಾಡಿಸಿದ.

"ನೀ ಎಂತಕ್ಕೆ ಅಣ್ಣ? ಇದು ದೋಣಿ ಅಲ್ಲ."

"ಮಾರಿದ್ದು ನಾನು ಹೌದಾ ಅಲ್ವಾ? ಬರ್ತೆ."

ಆರ್ಕೆಸ್ಟ್ರಾ ನಡೆಸುವ ಮಾಸ್ತರರು ಮೊದಲೇ ಹೇಳಿದ್ದರು: ಇವತ್ತು ಸರಿ ಬಂದರೆ ನೀನು ಉಳಿಯುತ್ತೀ, ಇಲ್ಲವಾದರೆ ಕುಮಟೆಯ ಕಾಲೇಜು ಹುಡುಗನೊಬ್ಬ ಕಾಯುತ್ತಿದ್ದಾನೆ.

ಅಣ್ಣ ನನ್ನ ಹಿಂದೆ ಸ್ಟೂಲಿನ ಮೇಲೆ ಕುಳಿತು ಸ್ಪೀಕರ್ ಪೆಟ್ಟಿಗೆಯ ಮೇಲೆ ಅಂಗೈ ಇಟ್ಟಿದ್ದ. ಎರಡನೇ ಹಾಡಿನ ನಡುವೆ ಗಿಟಾರಿನ ಸದ್ದು ಸತ್ತಿತು. ಪೆಟ್ಟಿಗೆಯ ನಡುಕ ನಿಂತದ್ದು ಅವನ ಅಂಗೈಗೆ ತಿಳಿದಿತ್ತು. ಮಾಸ್ತರರು ತಿರುಗಿ ನೋಡುವುದರೊಳಗೆ ಬಾಗಿ ವಾಯರನ್ನು ಒತ್ತಿ ಹಿಡಿದ. ಸದ್ದು ಬಂತು. ಬಿಟ್ಟರೆ ಮತ್ತೆ ಹೋಗುತ್ತಿತ್ತು. ಹಾಗಾಗಿ ಬಿಡಲೇ ಇಲ್ಲ. ಕಡೆಯ ಹಾಡಿನವರೆಗೂ ನನ್ನ ಸೊಂಟದ ಹತ್ತಿರ ಕೈಚಾಚಿ ಕುಳಿತ. ಚಪ್ಪರದಲ್ಲಿ ಯಾರೋ, "ಹುಡುಗ ಓಡಿಹೋಗ್ತಾನೆ ಹೇಳಿ ಹಿಡ್ಕಂಡಿದ್ದಾನಾ?" ಅಂದರು. ಸುತ್ತಲಿದ್ದವರು ನಕ್ಕರು. ಅವನಿಗೆ ಕೇಳಲಿಲ್ಲ, ನನಗೆ ಕೇಳಿತು. ಬಾರಿಸುತ್ತಲೇ ಇದ್ದೆ.

ಸಾಮಾನು ಕಟ್ಟುವಾಗ ಮಾಸ್ತರರು ಶನಿವಾರ ಭಟ್ಕಳದ ಕಾರ್ಯಕ್ರಮಕ್ಕೂ ಬಾ ಅಂದರು. ಊಟದ ಪಂಕ್ತಿ ಆಗಲೇ ಮುಗಿದಿತ್ತು. ಅಣ್ಣ ಮರಗಟ್ಟಿದ ತೋಳು ತಿಕ್ಕಿಕೊಳ್ಳುತ್ತ ಕೇಳಿದ:

"ಹ್ಯಾಂಗಾತು ತಮ್ಮಾ? ನಂಗೆ ಎಂತದೂ ಕೇಳ್ಲಿಲ್ಲ."

ಚಲೋ ಆತು ಎಂದು ಅವನ ಕಿವಿಯ ಬಳಿ ಕೂಗಿ ಹೇಳಿದೆ. ತಲೆಯಾಡಿಸಿ, ಹೋಟೆಲು ಬಾಗಿಲು ಹಾಕುವ ಮೊದಲು ನಡಿ ಅಂದ.

ಆ ಆರ್ಕೆಸ್ಟ್ರಾದ ದುಡಿಮೆಯಿಂದ ನಮ್ಮ ಮನೆಗೆ ಹಂಚು ಬಂತು, ತಂಗಿಯ ಮದುವೆಯಾಯಿತು, ನಾಲ್ಕು ಜನ ಗುರುತಿಸಿ ಕುರ್ಚಿ ಕೊಡುವಂತಾಯಿತು. ಅಣ್ಣ ಒಂದು ಮಳೆಗಾಲ, ಬೋಟುಗಳೆಲ್ಲ ದಡದಲ್ಲಿದ್ದಾಗ ತೀರಿಕೊಂಡ. ಸ್ವಂತ ದುಡಿಮೆಯಿಂದ ಮೇಲೆ ಬಂದವನು ನಾನು ಎಂದು ಈಗಲೂ ಎದೆ ತಟ್ಟಿ ಹೇಳುತ್ತೇನೆ. ಆದರೆ ಅವನನ್ನು ಬಿಟ್ಟು ಹಾಗೆ ಹೇಳಲು ನಾಲಿಗೆ ಏಳುವುದಿಲ್ಲ.