ಚೌಕಟ್ಟು ನಿಲ್ಲಿಸುವ ದಿನ

ಜಮಖಂಡಿಯಲ್ಲಿ ಮನೆ ಕಟ್ಟಿಸಿಕೊಡುವ ಗುತ್ತಿಗೆದಾರರ ಕಚೇರಿಯಲ್ಲಿ ನನ್ನ ಕೆಲಸ. ಯಾವ ಕಟ್ಟಡದಲ್ಲಿ ಯಾವ ದಿನ ಏನು ಆಗಬೇಕು ಎಂಬುದನ್ನು ಕಂಪ್ಯೂಟರಿನಲ್ಲಿ ಹೊಂದಿಸಿಡುವುದು, ಆಮೇಲೆ ಸ್ಥಳಕ್ಕೆ ಹೋಗಿ ಅದನ್ನು ಮಾಡಿಸುವುದು. ಆ ಸಾಫ್ಟ್‌ವೇರ್ ಬಹಳ ಖಡಕ್. ಪಾಯ ಮುಗಿಯದೆ ಬಾಗಿಲ ಚೌಕಟ್ಟಿಲ್ಲ, ಚೌಕಟ್ಟು ನಿಲ್ಲದೆ ಗೋಡೆ ಮೇಲೇಳುವುದಿಲ್ಲ. ಒಬ್ಬರನ್ನೇ ಒಂದೇ ಹೊತ್ತಿಗೆ ಎರಡು ಕಡೆ ಹಾಕಿದರೆ ಆ ಸಾಲು ಕೆಂಪಗಾಗುತ್ತದೆ. ನಮ್ಮ ಮಂದಿಗೆ 'ನಾಳಿ ಬರ್ತೇವ್ರಿ' ಅನ್ನುವುದು ಉಸಿರಾಡಿದಷ್ಟು ಸಲೀಸು. ಅಂಥವರ ನಡುವೆ ಈ ಯಂತ್ರವೊಂದೇ ನನ್ನ ಕಡೆಯದು ಅನಿಸುತ್ತಿತ್ತು.

ಹುನ್ನೂರಿನಲ್ಲಿ ನನ್ನ ತಮ್ಮ ಮನೆ ಕಟ್ಟಿಸಲು ಶುರು ಮಾಡಿದಾಗ ಕೆಲಸ ನಮ್ಮ ಕಚೇರಿಗೇ ಬಂತು. ದಿನಗಳನ್ನು ಹೊಂದಿಸಿದವಳೂ ನಾನೇ. ಮುಧೋಳದಲ್ಲಿ ನಾನು ನಿಂತು ಸ್ಲ್ಯಾಬ್ ಹಾಕಿಸಬೇಕಾದ ದಿನವೇ ಅವನ ತಲಬಾಗಿಲಿನ ಚೌಕಟ್ಟು ನಿಲ್ಲಿಸುವುದನ್ನೂ ಇಟ್ಟೆ. ಸಾಲು ಕೆಂಪಗಾಯಿತು. ಹುನ್ನೂರಿನ ಸಾಲಿನಿಂದ ನನ್ನ ಹೆಸರು ತೆಗೆದೆ, ಸರಿಹೋಯಿತು.

ಬೇಕೆಂದೇ ಹಾಗೆ ಮಾಡಿದ್ದೆ. ನಮ್ಮಲ್ಲಿ ಚೌಕಟ್ಟಿಗೆ ಮೊದಲು ಅರಿಷಿಣ ಕುಂಕುಮ ಹಚ್ಚಿ ಆರತಿ ಮಾಡುವವಳು ಮನೆಯ ಮಗಳು. ಅದಾಗದೆ ಗಾರೆ ಕೆಲಸದ ಗೌಂಡಿಗಳು ಅದನ್ನು ಎತ್ತುವುದಿಲ್ಲ. ನನ್ನ ಗಂಡ ತೀರಿಕೊಂಡ ಮೇಲೆ ಇಂಥ ಕಡೆ ನನ್ನನ್ನು ಹಿಂದಕ್ಕೆ ನಿಲ್ಲಿಸುವವರ ಮುಖ ನೋಡಿ ಸಾಕಾಗಿತ್ತು. ತಮ್ಮನ ಅಂಗಳದಲ್ಲೂ ಅದನ್ನೇ ನೋಡುವುದು ಬೇಡವಾಗಿತ್ತು. ಕೆಲಸದ ನೆಪವಿದ್ದರೆ ಯಾರಿಗೂ ಮುಜುಗರವಿಲ್ಲ.

ಆ ದಿನ ಮಧ್ಯಾಹ್ನ ಮುಧೋಳದ ಸ್ಲ್ಯಾಬ್ ಮುಗಿಯುತ್ತ ಬಂದಾಗ, ಹುನ್ನೂರಿನ ಕೆಲಸ ಎಲ್ಲಿಗೆ ಬಂತೆಂದು ತಮ್ಮನಿಗೆ ಫೋನ್ ಮಾಡಿದೆ.

"ಚೌಕಟ್ಟ ನಿಂದ್ರಸಿಲ್ಲಕ್ಕಾ," ಎಂದ.

"ಯಾಕೋ? ಗೌಂಡಿಗೋಳು ಬಂದಿಲ್ಲೇನು?"

"ಮುಂಜಾನಿಂದ ಕುಂತಾರ. ನೀ ಬಂದಿಲ್ಲಲ್ಲ."

ಸಿಟ್ಟು ನೆತ್ತಿಗೇರಿತು. "ನಾ ಬರಂಗಿಲ್ಲಂತ ಹೇಳಿಲ್ಲೇನು? ನಿನ್ನ ಹೆಂಡ್ತಿ ಕಡಿಂದ ಮಾಡಸು. ಮುಂದಿನ ಕೆಲಸ ಎಲ್ಲಾ ನಿಂದರತಾವಲೇ!"

"ನಿಂದರ್ಲಿ. ಸಂಜಿಮುಂದನೂ ಛಲೋ ಹೊತ್ತ ಐತಂತ. ಬಾ."

ದಾರಿಯುದ್ದಕ್ಕೂ ಅವನನ್ನು ಬೈಯುತ್ತಲೇ ಹೋದೆ. ಸಿಮೆಂಟು ಮೆತ್ತಿದ ಸೀರೆಯಲ್ಲೇ ಗಾಡಿಯಿಂದ ಇಳಿದೆ. ಚೌಕಟ್ಟು ಇಟ್ಟಿಗೆಗಳ ಮೇಲೆ ಅಡ್ಡ ಮಲಗಿತ್ತು. ಸುತ್ತ ಮನೆಯವರು, ನೆರೆಯವರು. ತಮ್ಮ ಆರತಿ ತಟ್ಟೆ ತಂದು ನನ್ನ ಕೈಗೇ ಕೊಟ್ಟ.

ನಮ್ಮ ಸೋದರತ್ತೆ ಸುಮ್ಮನಿರಲಿಲ್ಲ. "ಮೊದಲ ಮುತ್ತೈದ್ಯಾರು ಮುಟ್ಟಲೆಪ್ಪಾ. ಆಮ್ಯಾಲ ಈಕಿ ಹಚ್ಚಲಿ."

"ಈ ಮನಿ ಮಗಳು ಈಕಿನ ಅಲ್ಲೇನತ್ತಿ? ಈಕಿ ಹಚ್ಚಿದ ಮ್ಯಾಲ ನೀವೆಲ್ಲಾ ಹಚ್ಚರಿ," ಎಂದ ತಮ್ಮ. ದನಿ ಏರಿಸಲಿಲ್ಲ. "ಇಲ್ಲಂದ್ರ ಚೌಕಟ್ಟ ಹಿಂಗ ಬಿದ್ದಿರಲಿ."

ಅಷ್ಟು ಜನರ ಮುಂದೆ ನನಗೆ ಅಳು ಬಂತು, ತಡೆಯಲಿಲ್ಲ. ಅರಿಷಿಣ ಹಚ್ಚಿದೆ, ಕುಂಕುಮ ಹಚ್ಚುವಾಗ ಅದು ಮರದ ಮೇಲೆಲ್ಲ ಚೆಲ್ಲಿತು. ಆರತಿ ಎತ್ತಿದೆ. ಅತ್ತೆ ಮುಖ ಸಿಂಡರಿಸಿಕೊಂಡೇ ಬಂದು ನನ್ನ ನಂತರ ಹಚ್ಚಿದರು.

ಹಿರಿಯ ಗೌಂಡಿ ತಲೆಗೆ ಟವೆಲ್ ಸುತ್ತಿಕೊಂಡು ನನ್ನತ್ತ ನೋಡಿದ. "ಎತ್ತೂಣೇನ್ರಿ, ಅಕ್ಕಾರ?"

"ಎತ್ರಿ," ಎಂದೆ.