ಕಾವಲಿನ ಫೋನಿಗೆ ಬಂದ ಓಟಿಪಿ

ವಾಯನಶಾಲೆ ಎಂದು ಎಲ್ಲರೂ ಕರೆಯುವ ನಮ್ಮ ಗ್ರಂಥಾಲಯದ ಕಂಪ್ಯೂಟರ್ ಸಿಡಿಲಿಗೆ ಸುಟ್ಟುಹೋದ ಮೇಲೆ, ಗಡಿಯೂರು ಮುಳ್ಳನ್ಕೊಲ್ಲಿಯ ಕಾಡಂಚಿನ ಮನೆಗಳಿಗೆ ಆನೆ ಬಂದ ಸುದ್ದಿ ತಲುಪುವುದು ನಿಂತಿತು. ಏರ್ಪಾಡು ಸರಳವಾಗಿತ್ತು. ಅಟ್ಟಣೆಯ ಮೇಲೆ ಕಾವಲಿರುವವರು ಆನೆ ಕಂಡ ಕೂಡಲೇ ಒಂದು ಮಿಸ್ಡ್ ಕಾಲ್ ಕೊಡಬೇಕು. ಕಂಪ್ಯೂಟರಿನ ಪ್ರೋಗ್ರಾಂ ಅದನ್ನು ಹಿಡಿದು ಎಲ್ಲರ ಫೋನಿಗೂ ಕನ್ನಡ, ಮಲಯಾಳಂ ಎರಡರಲ್ಲೂ ಸಂದೇಶ ಕಳಿಸುತ್ತಿತ್ತು. ಅದನ್ನು ಬರೆದವರು ಇಲ್ಲಿಯ ಶಾಲೆಯ ಟೀಚರ್. ಇಂಟರ್ನೆಟ್ಟಿನಲ್ಲಿ ಒಂದು ಖಾಸಗಿ ರೆಪಾಸಿಟರಿಯಲ್ಲಿ, ಅಂದರೆ ಬೀಗ ಹಾಕಿದ ಉಗ್ರಾಣದಂಥ ಜಾಗದಲ್ಲಿ, ಅದರ ಪ್ರತಿಯನ್ನು ಇಟ್ಟಿದ್ದರು.

ಹೊಸ ಕಂಪ್ಯೂಟರ್ ಬಂದ ಮಧ್ಯಾಹ್ನವೇ ಟೀಚರೂ ನಾನೂ ಅದರ ಮುಂದೆ ಕೂತೆವು. ಹಿಂದಿನ ಸಂಜೆ ಹಾಲಿನ ಸೊಸೈಟಿಗೆ ಹೋಗುವ ದಾರಿಯಲ್ಲಿ ಸಲಗವೊಂದು ನಿಂತಿತ್ತು. ಈ ದಿನ ಕಾವಲಿನ ಸರದಿಯಲ್ಲಿದ್ದವರ ಹೆಂಡತಿ ದಿನವೂ ಹಾಲು ಒಯ್ಯುವುದು ಅದೇ ದಾರಿಯಲ್ಲಿ. ಸಂಜೆ ಆಕೆ ಹಾಲು ಕೊಟ್ಟು ಮನೆಗೆ ಹಿಂದಿರುಗುವ ಹೊತ್ತಿಗೆ ಪ್ರೋಗ್ರಾಂ ಓಡಬೇಕಿತ್ತು.

ಪ್ರೋಗ್ರಾಮಿನ ಪ್ರತಿ ಇಳಿಸಿಕೊಳ್ಳಲು ಟೀಚರ್ ಕಮಾಂಡ್ ಕೊಟ್ಟರು. ಅಂಥ ರೆಪಾಸಿಟರಿಯೇ ಇಲ್ಲ ಎಂದು ಉತ್ತರ ಬಂತು. ವಿಳಾಸ ತಿದ್ದಿ ಮತ್ತೆ ಕೊಟ್ಟರು. ಅದೇ ಉತ್ತರ.

"ಅಳಿಸಿಹೋಯಿತೇ?" ಎಂದೆ.

"ಅಲ್ಲೇ ಇದೆ ಸರ್. ನಾವು ಯಾರು ಅಂತ ಅದಕ್ಕೆ ಗೊತ್ತಿಲ್ಲ. ಗುರುತಿಲ್ಲದವರಿಗೆ ಇಲ್ಲ ಅಂತಲೇ ಹೇಳ್ತದೆ."

ಮಾಹಿತಿ ಇಲ್ಲ ಎಂಬುದೇ ಬೇರೆ, ಮಾಹಿತಿ ಕೊಡಲು ನಿರಾಕರಿಸಿದರು ಎಂಬುದೇ ಬೇರೆ. ಪತ್ರಿಕೆಯ ಡೆಸ್ಕಿನಲ್ಲಿ ನಾನು ಮೊದಲು ಕಲಿತದ್ದೂ ಆಮೇಲೆ ಹೊಸಬರಿಗೆ ಕಲಿಸಿದ್ದೂ ಅದನ್ನೇ. ಇದ್ದದ್ದನ್ನು ಇಲ್ಲವೆನ್ನುವ ಯಂತ್ರದ ಮುಂದೆ ಕೂತು ನನಗೆ ಸಿಟ್ಟು ಬಂತು.

ಗುರುತು ತೋರಿಸುವ ಟೋಕನ್ ಹಳೆಯ ಕಂಪ್ಯೂಟರಿನ ಜೊತೆಗೇ ಸುಟ್ಟಿತ್ತು. ಹೊಸದು ಪಡೆಯಲು ಲಾಗಿನ್ ಆಗಬೇಕು, ಲಾಗಿನ್ ಆಗಲು ಓಟಿಪಿ ಬೇಕು, ಓಟಿಪಿ ಹೋಗುವುದು ಕಾವಲಿನ ಫೋನಿಗೆ. ಊರಿನ ತೀರ್ಮಾನವೇ ಹಾಗಿತ್ತು: ಎಲ್ಲರದ್ದಾದ ಯಾವುದೂ ಒಬ್ಬರ ಸ್ವಂತ ನಂಬರಿನಲ್ಲಿ ಇರಕೂಡದು. ಆ ಫೋನ್ ಟಾರ್ಚು, ಪಟಾಕಿಗಳ ಜೊತೆ ಸರದಿಯವರ ಕೈಯಿಂದ ಕೈಗೆ ಹೋಗುತ್ತದೆ.

ಟೀಚರ್ ಸ್ಪೀಕರ್ ಹಾಕಿ ಅಟ್ಟಣೆಯಲ್ಲಿದ್ದ ಕಾವಲಿನವರಿಗೆ ಕರೆ ಮಾಡಿದರು. "ಅಣ್ಣಾ, ಫೋನಿಗೆ ಒಂದು ನಂಬರ್ ಬಂದಿರ್ತದೆ, ಓದಿ ಹೇಳಿ."

"ಬಂದದೆ ಟೀಚರೇ. ಯೋಳಕ್ಕಾಗದಿಲ್ಲ."

"ಯಾಕೆ?"

"ಓಟಿಪಿ ಯಾರ್ಗೂ ಯೋಳ್ಬ್ಯಾಡಿ, ದೇವ್ರೇ ಕೇಳಿದ್ರೂ ಯೋಳ್ಬ್ಯಾಡಿ ಅಂತ ವಾಯನಶಾಲೇಲಿ ನೀವೇ ಕ್ಲಾಸ್ ತಕಂಡಿದ್ರಲ್ಲ."

"ಅದು ಕಳ್ಳರ ವಿಷಯಕ್ಕೆ ಅಣ್ಣಾ! ಈಗ ಕೇಳ್ತಿರೋದು ನಾನು."

"ಕಳ್ರು ನಿಮ್ ದನೀಲೇ ಮಾತಾಡ್ತಾರೆ ಅಂತಾನೂ ನೀವೇ ಯೋಳಿದ್ರಿ."

ನಾನು ಬಾಯಿ ಹಾಕಿದೆ. "ಸಾರೇ, ನಿಮ್ಗಂತೂ ಯೋಳದೇ ಇಲ್ಲ," ಎಂದರು. "ಪೇಪರಿನೋರ್ಗೆ ಯೋಳಿದ್ರೆ ಊರ್ಗೇ ಡಂಗೂರ ಸಾರ್ದಂಗೆ."

ಓಟಿಪಿಯ ಅವಧಿ ಮುಗಿಯಿತು. ಇನ್ನೊಂದು ತರಿಸಿದೆವು, ಅದೂ ಮುಗಿಯಿತು. ಆಮೇಲೆ, ಬಹಳ ಸಲ ಪ್ರಯತ್ನಿಸಿದ್ದೀರಿ, ಸ್ವಲ್ಪ ಹೊತ್ತು ಕಾಯಿರಿ ಎಂದು ಪರದೆಯೇ ನಮಗೆ ಬುದ್ಧಿ ಹೇಳಿತು. ಕೊನೆಗೆ ಕಾವಲಿನವರೇ ಅಟ್ಟಣೆಯಲ್ಲಿ ನೆರೆಯವರೊಬ್ಬರನ್ನು ಕೂರಿಸಿ, ಫೋನ್ ಹಿಡಿದುಕೊಂಡು ಇಳಿದು ಬಂದರು. ಆ ಸಿಮ್ಮಿಗೆ ನಮ್ಮ ಕೋಣೆಯೊಳಗೆ ರೇಂಜ್ ಇರಲಿಲ್ಲ. ಹೊಸ್ತಿಲಾಚೆ ನಿಂತು ನಂಬರ್ ನೋಡಿಕೊಂಡು ಒಳಗೆ ಬಂದವರು, "ಟೀಚರೇ, ಅತ್ಲಾಗ್ ತಿರುಗ್ರಿ. ಸಾರೇ, ನೀವೂವೇ" ಎಂದರು. ನಾವಿಬ್ಬರೂ ಗೋಡೆ ನೋಡುತ್ತ ಕೂತೆವು. ಅವರು ಒಂದೇ ಬೆರಳಿನಲ್ಲಿ ಕೀಲಿಗಳನ್ನು ಒತ್ತಿದರು.

ಉಗ್ರಾಣದ ಬಾಗಿಲು ತೆರೆಯಿತು. ಟೋಕನ್ ಸಿಕ್ಕಿತು. ಪ್ರೋಗ್ರಾಮಿಗೆ ಬೇಕಾದ ತುಣುಕುಗಳಾದ ಪ್ಯಾಕೇಜುಗಳು ಸಾಲುಸಾಲಾಗಿ ಇಳಿಯತೊಡಗಿದವು. ನಡುವೆ ಮತ್ತೆ ಅದೇ ಮಾತು: ರೆಪಾಸಿಟರಿ ಇಲ್ಲ. ಸಂದೇಶ ಕಳಿಸುವ ಭಾಗವನ್ನು ಟೀಚರ್ ಬೇರೊಂದು ರೆಪಾಸಿಟರಿಯಲ್ಲಿ ಇಟ್ಟಿದ್ದರು. ಹೊಸ ಟೋಕನ್ನಿಗೆ ಅದರ ಅನುಮತಿ ಕೊಡಲು ಮರೆತಿದ್ದರು. ಇನ್ನೊಂದು ಓಟಿಪಿ, ಮತ್ತೆ ಹೊಸ್ತಿಲು, ಮತ್ತೆ ಗೋಡೆ. ಎಲ್ಲ ಮುಗಿಯುವಾಗ ಕಾಫಿ ತೋಟದ ಮೇಲೆ ಬಿಸಿಲು ಇರಲಿಲ್ಲ.

"ಒಂದು ಸಲ ಕಳಿಸಿ ನೋಡೋಣವಾ?" ಎಂದರು ಟೀಚರ್.

ಆ ಪ್ರೋಗ್ರಾಮಿಗೆ ಗೊತ್ತಿದ್ದದ್ದು ಒಂದೇ ಮಾತು: ಆನೆ ಬಂದಿದೆ, ದಾರಿಗೆ ಇಳಿಯಬೇಡಿ. ಕಳಿಸಿದರೆ ಎಲ್ಲರಿಗೂ ಹೋಗುತ್ತದೆ. ಅದನ್ನು ಬದಲಿಸಲು ಹೊತ್ತಿರಲಿಲ್ಲ. ಆಗದ್ದನ್ನು ಆಗಿದೆ ಎಂದು ಕಳಿಸಲು ನಾನು ಒಪ್ಪಲಿಲ್ಲ.

"ಸಾರ್ ಯೋಳದೇ ಸರಿ," ಎಂದರು ಕಾವಲಿನವರು. "ನಮ್ಮೋಳು ಒಂದ್ಸಲ ಸುಮ್ಸುಮ್ನೆ ಎದ್ರುಕಂಡ್ರೆ ಆಮ್ಯಾಕೆ ಫೋನೂ ನಂಬದಿಲ್ಲ, ನನ್ನೂ ನಂಬದಿಲ್ಲ." ಅಷ್ಟು ಹೇಳಿ ಫೋನನ್ನು ಜೇಬಿಗಿಟ್ಟು ಮೇಲಕ್ಕೆ ಹೊರಟರು.

ಓಡುತ್ತದೋ ಇಲ್ಲವೋ ತಿಳಿಯದೆ ನಾವು ಕೂತಿದ್ದೆವು. ತುಸು ಹೊತ್ತು ಕಳೆದು ಮೇಜಿನ ಮೇಲಿದ್ದ ಎರಡೂ ಫೋನುಗಳು ಒಟ್ಟಿಗೆ ಸದ್ದು ಮಾಡಿದವು. "ಬಂತು ಸರ್, ಓಡ್ತಿದೆ!" ಎಂದು ಟೀಚರ್ ಎದ್ದೇ ಬಿಟ್ಟರು. ಆಮೇಲೆ ಸಂದೇಶ ಓದಿ ಮೆಲ್ಲಗೆ ಕೂತರು.

ಕಾವಲಿನವರ ಹೆಂಡತಿಗೆ ಫೋನ್ ಮಾಡಿದೆ. "ನೋಡ್ಕಂಡೆ ಸಾರೇ, ಸೊಸೈಟಿ ಜಗಲೀಲೇ ಇವ್ನಿ. ಅವ್ರೆಲ್ಲಿ?"

ಕಾವಲಿನ ಫೋನ್ ಬಹಳ ಹೊತ್ತು ರಿಂಗಾಯಿತು. ಕೊನೆಗೆ ಪಿಸುದನಿ ಕೇಳಿಸಿತು: "ಅಟ್ಟಣೆ ಮ್ಯಾಲಿವ್ನಿ. ಕೆಳ್ಗೇ ನಿಂತದೆ. ಫೋನ್ ಮಾಡ್ಬ್ಯಾಡಿ."

ಅದನ್ನೂ, ಅವರು ಓಟಿಪಿಯನ್ನು ಫೋನಿನಲ್ಲಿ ಹೇಳದೆ ಇಳಿದು ಬಂದು ಈಗಷ್ಟೇ ಹಿಂದಿರುಗಿದ್ದನ್ನೂ ಹೆಂಡತಿಗೆ ತಿಳಿಸಿದೆ. ಆಕೆ, "ಮದ್ಯಾನ್ವೇ ಆ ನಂಬರ್ ಬಾಯಲ್ಲಿ ಯೋಳ್ಬುಟ್ಟಿದ್ರೆ ಇವ್ರು ಇಷ್ಟೊತ್ತಲ್ಲಿ ಅಟ್ಟಣೆ ದಾರೀಲಿ ಯಾಕೆ ನಡೀತಿದ್ರು ಸಾರೇ?" ಎಂದರು.

ನಾನು ಟೀಚರ್ ಕಡೆ ನೋಡಿದೆ. ದೇವರೇ ಕೇಳಿದರೂ ಹೇಳಬೇಡಿ ಎಂದು ಕಲಿಸಿದ್ದ ಅವರು ಪರದೆಯನ್ನೇ ನೋಡುತ್ತಿದ್ದರು.